ಆಕ್ಷೇಪಣೆಗೆ ಉತ್ತರ ಎಲ್ಲಿ? ವಿಮಾನ ಸುರಕ್ಷತೆಯ ನಿಯಮಗಳು ಮತ್ತು ಸಾರ್ವಜನಿಕ ಸಮಾಲೋಚನೆ



ವಿಮಾನ ಸುರಕ್ಷತೆಯ ನಿಯಮಗಳನ್ನು ತಿದ್ದುವ ಮೊದಲು ಸರ್ಕಾರ ಕರಡನ್ನು ಪ್ರಕಟಿಸಿ, ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸುತ್ತದೆ. ಇದು ಕಚೇರಿಯ ಒಂದು ಸಣ್ಣ ಕ್ರಮ, ತಜ್ಞರಿಗೆ ಬಿಟ್ಟ ವಿಷಯ ಎಂದು ನಾವು ಹೆಚ್ಚಿನವರು ಭಾವಿಸಿದ್ದೇವೆ. ಹಾಗೆ ಭಾವಿಸಿದ್ದರಿಂದ ನಮಗೆ ನಷ್ಟವಾಗಿದೆ ಎಂದು ತೋರಿಸುವುದು ಈ ಉಪನ್ಯಾಸದ ಉದ್ದೇಶ. ನನ್ನ ವಾದ ಒಂದೇ. ನಮ್ಮ ಕಾನೂನು ಜನರನ್ನು ಕೇಳು ಎನ್ನುತ್ತದೆ. ಕೇಳಿದ ಮೇಲೆ ಅವರಿಗೆ ಉತ್ತರ ಕೊಡು ಎನ್ನುವುದಿಲ್ಲ. ಉತ್ತರವಿಲ್ಲದ ಸಮಾಲೋಚನೆಯಿಂದ ಹುಟ್ಟಿದ ನಿಯಮಕ್ಕೆ ಬೇರು ಇರುವುದಿಲ್ಲ. ಮೊದಲ ಒತ್ತಡಕ್ಕೇ ಅದನ್ನು ಮುಂದೂಡಬಹುದು, ಸಡಿಲಿಸಬಹುದು, ತಡೆಹಿಡಿಯಬಹುದು; ಯಾಕೆ ಹಾಗೆ ಮಾಡಿದಿರಿ ಎಂದು ಕೇಳಲು ಯಾರ ಕೈಯಲ್ಲೂ ಆಧಾರವಿರುವುದಿಲ್ಲ. ಆದ್ದರಿಂದ ಪ್ರತಿಯೊಂದು ಮುಖ್ಯ ಆಕ್ಷೇಪಣೆಗೂ ಕಾರಣಸಹಿತವಾದ ಲಿಖಿತ ಉತ್ತರ ಕೊಡುವುದು ವಿಮಾನ ಸುರಕ್ಷತೆಯ ನಿಯಮಗಳ ವಿಷಯದಲ್ಲಿ ಶಾಸನಬದ್ಧ ಕರ್ತವ್ಯವಾಗಬೇಕು.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1934ರ ವಿಮಾನ ಕಾಯ್ದೆಯ ಜಾಗದಲ್ಲಿ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೆ ದಿನನಿತ್ಯದ ಹಾರಾಟವನ್ನು ಆಳುವುದು ಕಾಯ್ದೆಗಿಂತ ಹೆಚ್ಚಾಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಹೊರಡಿಸುವ ನಾಗರಿಕ ವಿಮಾನಯಾನ ಅಗತ್ಯಗಳು. ಪೈಲಟ್ ಎಷ್ಟು ಗಂಟೆ ಹಾರಬಹುದು, ಎಂಜಿನಿಯರ್ ಯಾವ ತಪಾಸಣೆ ಮಾಡಿ ಸಹಿ ಹಾಕಬೇಕು ಎಂಬುದೆಲ್ಲ ಅಲ್ಲಿದೆ. 1937ರ ವಿಮಾನ ನಿಯಮಗಳ 133ಎ ನಿಯಮದ ಪ್ರಕಾರ ಇಂಥ ಅಗತ್ಯಗಳ ಕರಡನ್ನು 30 ದಿನ ಜಾಲತಾಣದಲ್ಲಿಟ್ಟು, ಬಾಧಿತರಾಗಬಹುದಾದ ಎಲ್ಲರಿಂದ ಆಕ್ಷೇಪಣೆ ಪಡೆಯಬೇಕು. ಸಾರ್ವಜನಿಕ ಹಿತದ ಕಾರಣಕ್ಕೆ ಲಿಖಿತ ಆದೇಶದ ಮೂಲಕ ಮಹಾನಿರ್ದೇಶಕರು ಈ ಅವಧಿಯನ್ನು ಕಡಿಮೆ ಮಾಡಬಹುದು, ಪೂರ್ತಿ ಬಿಟ್ಟೂಬಿಡಬಹುದು. ಸರ್ಕಾರವೇ ಮಾಡುವ ನಿಯಮಗಳಿಗೆ ಪೂರ್ವಪ್ರಕಟಣೆಯ ವಿಧಾನವನ್ನು 1897ರ ಸಾಮಾನ್ಯ ಖಂಡಗಳ ಕಾಯ್ದೆಯ 23ನೆಯ ಕಲಂ ನಿಗದಿ ಮಾಡಿದೆ. ಬಂದ ಆಕ್ಷೇಪಣೆಗಳನ್ನು ಪರಿಗಣಿಸಬೇಕು ಎನ್ನುತ್ತದೆ ಆ ಕಲಂ. ಆದರೆ ಅದರ ಕೊನೆಯ ಉಪಕಲಂ ಇನ್ನೊಂದು ಮಾತು ಹೇಳುತ್ತದೆ: ಪೂರ್ವಪ್ರಕಟಣೆಯ ನಂತರ ಮಾಡಿದ್ದು ಎಂಬ ಒಕ್ಕಣೆಯೊಂದಿಗೆ ನಿಯಮ ರಾಜ್ಯಪತ್ರದಲ್ಲಿ ಅಚ್ಚಾದರೆ, ಅದು ಕ್ರಮಬದ್ಧವಾಗಿ ರಚನೆಯಾಗಿದೆ ಎನ್ನುವುದಕ್ಕೆ ಅದೇ ನಿರ್ಣಾಯಕ ಪುರಾವೆ. ಆಕ್ಷೇಪಣೆಯನ್ನು ಓದಿದರೋ ಇಲ್ಲವೋ, ಓದಿ ಯಾಕೆ ತಳ್ಳಿದರು ಎಂದು ತಿಳಿಯುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ. 2014ರ ಶಾಸನಪೂರ್ವ ಸಮಾಲೋಚನಾ ನೀತಿ ಈ ಕೊರತೆಯನ್ನು ತುಂಬಲು ನೋಡಿತು. ಬಂದ ಅಭಿಪ್ರಾಯಗಳ ಸಾರಾಂಶವನ್ನು ಇಲಾಖೆ ಪ್ರಕಟಿಸಬೇಕು ಎಂದಿತು. ಅದು ನೀತಿ ಮಾತ್ರ, ಶಾಸನವಲ್ಲ. ಪಾಲಿಸದಿದ್ದರೆ ನಿಯಮ ಬಿದ್ದುಹೋಗುವುದಿಲ್ಲ.

ಇದೇ ವಿಮಾನಯಾನ ಕ್ಷೇತ್ರದಲ್ಲಿ ಇನ್ನೊಂದು ಕಾನೂನಿದೆ. ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರದ ಕಾಯ್ದೆ, 2008. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಂಥ ದೊಡ್ಡ ನಿಲ್ದಾಣಗಳಲ್ಲಿ ನಾವು ಟಿಕೆಟ್ಟಿನೊಂದಿಗೆ ಕೊಡುವ ಬಳಕೆದಾರರ ಅಭಿವೃದ್ಧಿ ಶುಲ್ಕವನ್ನು ನಿಗದಿ ಮಾಡುವುದು ಈ ಪ್ರಾಧಿಕಾರ. ಕಾಯ್ದೆಯ 13ನೆಯ ಕಲಂ ಅದಕ್ಕೆ ಮೂರು ಕರ್ತವ್ಯ ವಿಧಿಸಿದೆ: ಸಂಬಂಧಪಟ್ಟ ಎಲ್ಲರೊಡನೆ ಸಮಾಲೋಚಿಸಬೇಕು, ಅವರ ಅಹವಾಲಿಗೆ ಅವಕಾಶ ಕೊಡಬೇಕು, ಪ್ರತಿ ತೀರ್ಮಾನವನ್ನೂ ಪೂರ್ಣವಾಗಿ ದಾಖಲಿಸಿ ವಿವರಿಸಬೇಕು. ಪ್ರಾಧಿಕಾರದ ದರ ಆದೇಶವನ್ನು ಬಿಡಿಸಿ ನೋಡಿದರೆ ಈ ಕಲಂ ಕೆಲಸ ಮಾಡುವ ರೀತಿ ಕಾಣುತ್ತದೆ. ಮೊದಲು ಸಮಾಲೋಚನಾ ಪತ್ರದಲ್ಲಿದ್ದ ಪ್ರಸ್ತಾವ, ಅದರ ಕೆಳಗೆ ವಿಮಾನ ಸಂಸ್ಥೆಗಳ ಆಕ್ಷೇಪ, ಅದಕ್ಕೆ ನಿಲ್ದಾಣದ ಪ್ರತಿಮಾತು, ಆಮೇಲೆ ಪ್ರಾಧಿಕಾರದ ವಿಶ್ಲೇಷಣೆ, ಕೊನೆಗೆ ತೀರ್ಮಾನ. ಒಪ್ಪದವರು ಯಾವ ಪುಟದ ಯಾವ ಕಾರಣವನ್ನು ಒಪ್ಪಲಿಲ್ಲವೆಂದು ಬೆರಳಿಟ್ಟು ತೋರಿಸಿ ಮೇಲ್ಮನವಿ ಹೋಗಬಹುದು. ಪ್ರಯಾಣಿಕ ತೆರುವ ಶುಲ್ಕಕ್ಕೆ ಇಷ್ಟು ಕಟ್ಟುನಿಟ್ಟು ಬೇಕೆಂದು ಸಂಸತ್ತು ಭಾವಿಸಿತು. ಅದೇ ಪ್ರಯಾಣಿಕನನ್ನು ನಡುರಾತ್ರಿ ಹೊತ್ತೊಯ್ಯುವ ಪೈಲಟ್‌ಗೆ ಎಷ್ಟು ವಿಶ್ರಾಂತಿ ಬೇಕು ಎಂಬ ತೀರ್ಮಾನಕ್ಕೆ ಅಷ್ಟು ಕಟ್ಟುನಿಟ್ಟು ಬೇಡವೆ?

ಪೈಲಟ್‌ಗಳ ವಿಶ್ರಾಂತಿಯ ನಿಯಮದ ಚರಿತ್ರೆಯೇ ನನ್ನ ಮುಖ್ಯ ಸಾಕ್ಷ್ಯ. ಭಾರತದಲ್ಲಿ ಬಹುಕಾಲ ಈ ವಿಷಯವನ್ನು ಆಳಿದ್ದು 1992ರ ಒಂದು ಸುತ್ತೋಲೆ. 2007ರ ಜುಲೈಯಲ್ಲಿ ಡಿಜಿಸಿಎ ಹೊಸ ಅಗತ್ಯಗಳನ್ನು ಹೊರಡಿಸಿತು. ಒಂದು ವರ್ಷವೂ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಅವನ್ನು ತಡೆಹಿಡಿಯಲಾಯಿತು. 1992ರ ಸುತ್ತೋಲೆ ಮತ್ತೆ ಬಂತು. ಪೈಲಟ್‌ಗಳ ಸಂಘಟನೆಗಳು ಬಾಂಬೆ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋದವು. 2011ರ ಮೇ ತಿಂಗಳಲ್ಲಿ ಅವರ ಮೇಲ್ಮನವಿ ವಜಾ ಆಯಿತು. ಆ ಆಗಸ್ಟ್‌ನಲ್ಲಿ ಇನ್ನೊಂದು ಹೊಸ ನಿಯಮ ಬಂತು. ಇನ್ನು 2024ಕ್ಕೆ ಬನ್ನಿ. ಆ ಜನವರಿಯಲ್ಲಿ ಡಿಜಿಸಿಎ ಮತ್ತೆ ನಿಯಮ ಬದಲಾಯಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ನಡುರಾತ್ರಿಯಿಂದ ಬೆಳಗಿನ 5ರವರೆಗೆ ಎಂದಿದ್ದ ರಾತ್ರಿಯ ಅವಧಿ 6ರವರೆಗೆ ವಿಸ್ತರಿಸಿತು. ರಾತ್ರಿಗೆ ತಾಗುವ ಕರ್ತವ್ಯದಲ್ಲಿ 6 ಲ್ಯಾಂಡಿಂಗ್‌ವರೆಗೆ ಇದ್ದ ಅವಕಾಶ 2ಕ್ಕೆ ಇಳಿಯಿತು. 2024ರ ಜೂನ್ 1ರ ಗಡುವು ಬರುವ ಮೊದಲೇ ನಿಯಮ ಮುಂದಕ್ಕೆ ಹೋಯಿತು. ದೆಹಲಿ ಹೈಕೋರ್ಟಿನಲ್ಲಿ ಪೈಲಟ್ ಸಂಘಟನೆಗಳ ವ್ಯಾಜ್ಯ ನಡೆದು, 2025ರ ಜುಲೈ 1 ಮತ್ತು ನವೆಂಬರ್ 1 ಎಂದು ಎರಡು ಹಂತಗಳಲ್ಲಿ ಅದು ಜಾರಿಗೆ ಬಂತು. ಎರಡನೆಯ ಹಂತ ಜಾರಿಯಾಗಿ ಒಂದು ತಿಂಗಳು ಕಳೆಯುವಷ್ಟರಲ್ಲಿ ಇಂಡಿಗೋ ಸಂಸ್ಥೆಯ ಹಾರಾಟ ಕುಸಿಯಿತು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಅದೇ ದಿನ ಡಿಜಿಸಿಎ, ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಲೆಕ್ಕಹಾಕಬಾರದು ಎಂಬ ಷರತ್ತನ್ನು ವಾಪಸು ಪಡೆಯಿತು. ರಾತ್ರಿ ಕರ್ತವ್ಯದ ಕೆಲವು ಮಿತಿಗಳಿಂದ ಆ ಸಂಸ್ಥೆಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು.

2007 ಮತ್ತು 2024ರ ನಡುವೆ ಹದಿನೇಳು ವರ್ಷದ ಅಂತರವಿದ್ದರೂ ನಡೆದದ್ದು ಒಂದೇ ಬಗೆ: ನಿಯಮ, ಒತ್ತಡ, ತಡೆ, ಕೋರ್ಟು. ಇದಕ್ಕೆ ಅಧಿಕಾರಿಗಳ ದುರ್ಬಲತೆಯೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ವ್ಯವಸ್ಥೆಯಲ್ಲೇ ಒಂದು ದೋಷವಿದೆ. 48 ಗಂಟೆ ಯಾಕೆ, 36 ಯಾಕೆ ಸಾಲದು? ಆರು ಲ್ಯಾಂಡಿಂಗ್ ಎರಡಕ್ಕಿಳಿದರೆ ಎಷ್ಟು ಹೆಚ್ಚು ಪೈಲಟ್‌ಗಳು ಬೇಕಾಗುತ್ತಾರೆ, ಅವರನ್ನು ತಯಾರು ಮಾಡಲು ಎಷ್ಟು ತಿಂಗಳು ಹಿಡಿಯುತ್ತದೆ? ಈ ಪ್ರಶ್ನೆಗಳನ್ನು ವಿಮಾನ ಸಂಸ್ಥೆಗಳೂ ಎತ್ತಬೇಕಾಗಿತ್ತು, ಪೈಲಟ್‌ಗಳೂ ಎತ್ತಬೇಕಾಗಿತ್ತು. ಪ್ರತಿಯೊಂದಕ್ಕೂ ನಿಯಂತ್ರಕರ ಉತ್ತರ ಎಲ್ಲರ ಕಣ್ಣಿಗೆ ಬೀಳುವಂತೆ ಅಚ್ಚಾಗಬೇಕಾಗಿತ್ತು. ಹಾಗೆ ಆಗಿದ್ದರೆ, ತಯಾರಿಗೆ ಸಮಯ ಸಾಲಲಿಲ್ಲ ಎಂದು ಡಿಸೆಂಬರಿನಲ್ಲಿ ಯಾರಾದರೂ ಹೇಳಿದಾಗ ಹಿಂದಿನ ಉತ್ತರವನ್ನು ಮುಂದಿಡಬಹುದಿತ್ತು. ವಿನಾಯಿತಿ ಕೊಡುವವರೂ, ವಿಶ್ರಾಂತಿ ಬೇಕೆಂದು ತಾವೇ ಬರೆದ ಕಾರಣಗಳು ಈಗ ಹೇಗೆ ಬದಲಾದವು ಎಂದು ವಿವರಿಸಬೇಕಾಗುತ್ತಿತ್ತು. ಕಾರಣ ದಾಖಲೆಯಲ್ಲಿದ್ದರೆ ಸಡಿಲಿಕೆಯ ಬೆಲೆ ಎಲ್ಲರಿಗೂ ಗೊತ್ತಾಗುತ್ತದೆ. ದಾಖಲೆಯಿಲ್ಲದಿದ್ದರೆ, ಅಂದಿನ ಒತ್ತಡವೇ ಕಾರಣವಾಗಿಬಿಡುತ್ತದೆ.

ಇದು ಕಾಗದದ ಮೇಲಿನ ತರ್ಕವಲ್ಲ ಎಂದು ಕರ್ನಾಟಕಕ್ಕೆ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಜನರಲ್ಲಿ 158 ಜನ ಸತ್ತರು, 8 ಜನ ಉಳಿದರು. ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯದ ವರದಿ ಕಾಕ್‌ಪಿಟ್ಟಿನ ಕೊನೆಯ ಎರಡು ಗಂಟೆಯನ್ನು ಬಿಡಿಸಿಟ್ಟಿದೆ. ಧ್ವನಿಮುದ್ರಣ ಇದ್ದದ್ದು 2 ಗಂಟೆ 5 ನಿಮಿಷ. ಅದರಲ್ಲಿ ಮೊದಲ 1 ಗಂಟೆ 40 ನಿಮಿಷ ಇಬ್ಬರು ಪೈಲಟ್‌ಗಳ ನಡುವೆ ಮಾತಿಲ್ಲ. ಕ್ಯಾಪ್ಟನ್ ಅವರ ಗೊರಕೆ ಮತ್ತು ಆಳವಾದ ಉಸಿರು ಆಗಾಗ ಕೇಳುತ್ತದೆ. ಅವರು ಎಚ್ಚೆತ್ತಾಗ ವಿಮಾನ ಇರಬೇಕಾದದ್ದಕ್ಕಿಂತ ತುಂಬ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರು. ಎಚ್ಚರಿಕೆಯ ಯಂತ್ರವೂ ಕೂಗಿತು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿಯಷ್ಟು ದೂರ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಇಳಿಯುವ ಪ್ರಯತ್ನವನ್ನು ಕೈಬಿಡದಿದ್ದದ್ದು ಅಪಘಾತದ ನೇರ ಕಾರಣ, ದೀರ್ಘ ನಿದ್ದೆಯ ಮಂಪರು ಪೂರಕ ಕಾರಣ ಎಂದಿತು ವರದಿ. ಪೈಲಟ್‌ಗಳು ಕರ್ತವ್ಯದ ಗಂಟೆಗಳ ಮಿತಿಯನ್ನು ಮೀರಿದ್ದರು ಎಂದು ಅದು ಹೇಳಲಿಲ್ಲ. ಇದನ್ನು ಮರೆಯದೆ ಹೇಳಬೇಕು, ಯಾಕೆಂದರೆ ಪಾಠ ಇರುವುದು ಅಲ್ಲೇ. ಗಂಟೆ ಎಣಿಸಿದರೆ ಸಾಲದು. ಹಾರಾಟ ಬೆಳಗಿನ ಜಾವದ ಗಾಢ ನಿದ್ದೆಯ ಹೊತ್ತಿಗೆ ಬಿದ್ದರೆ ವಿಶ್ರಾಂತಿ ಪಡೆದ ದೇಹವೂ ಸೋಲುತ್ತದೆ. ರಾತ್ರಿಯ ಅವಧಿ 5ಕ್ಕೆ ಮುಗಿಯುತ್ತದೋ 6ಕ್ಕೋ ಎಂಬ ಚರ್ಚೆಗೆ ಬೆಲೆ ಬರುವುದು ಇದರಿಂದ. ಆ ದಿನ ದೇಶದಲ್ಲಿ ಜಾರಿಯಲ್ಲಿದ್ದದ್ದು 2008ರಲ್ಲಿ ಮರಳಿ ಬಂದಿದ್ದ 1992ರ ಸುತ್ತೋಲೆ.

ಬಜ್ಪೆಗೆ ಸಂಬಂಧಿಸಿದ ಇನ್ನೊಂದು ಸಂಗತಿಯೂ ಇಲ್ಲಿ ಬೇಕು. ಅಲ್ಲಿ ಎರಡನೆಯ ರನ್‌ವೇಯ ಯೋಜನೆ ಬಂದಾಗ ಊರಿನವರು ವಿಮಾನ ನಿಲ್ದಾಣ ವಿಸ್ತರಣಾ ವಿರೋಧಿ ಸಮಿತಿ ಕಟ್ಟಿಕೊಂಡಿದ್ದರು. ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಜೊತೆಗೂಡಿ 1997ರಲ್ಲಿ ಒಮ್ಮೆ, 2002ರಲ್ಲಿ ಇನ್ನೊಮ್ಮೆ ಕರ್ನಾಟಕ ಹೈಕೋರ್ಟಿಗೆ ಹೋದರು. ಗುಡ್ಡದ ನೆತ್ತಿಯ ಈ ಜಾಗದಲ್ಲಿ ವಿಮಾನ ರನ್‌ವೇ ಮೀರಿದರೆ ತಡೆಯಲು ಸ್ಥಳವಿಲ್ಲ, ವಿನ್ಯಾಸ ಸುರಕ್ಷತೆಯ ಮಾನದಂಡಕ್ಕೆ ಹೊಂದುವುದಿಲ್ಲ ಎಂಬುದೂ ಅವರ ಆಕ್ಷೇಪಣೆಗಳಲ್ಲಿ ಸೇರಿತ್ತು. ಅರ್ಜಿಗಳು ಫಲ ಕೊಡಲಿಲ್ಲ, 2003ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಅವರಿಗೆ ಜಯ ಸಿಗಲಿಲ್ಲ. ಅಪಘಾತಕ್ಕೆ ರನ್‌ವೇ ನೇರ ಕಾರಣವಲ್ಲವೆಂದು ತನಿಖೆ ಹೇಳಿದ್ದರಿಂದ, ಊರಿನವರು ಅಂದೇ ಭವಿಷ್ಯ ನುಡಿದಿದ್ದರು ಎಂದು ನಾನು ಹೇಳಹೊರಟಿಲ್ಲ. ನಾನು ಹೇಳುವುದು ಇಷ್ಟು: ವಿಮಾನ ರನ್‌ವೇ ಮೀರಿದರೆ ಏನು ಗತಿ ಎಂಬುದು ಸರಿಯಾದ ಪ್ರಶ್ನೆಯಾಗಿತ್ತು, ಅದಕ್ಕೆ ಎಂಜಿನಿಯರಿಂಗಿನ ಭಾಷೆಯಲ್ಲಿ ಲಿಖಿತ ಉತ್ತರ ಪಡೆಯಲು ಜನ ಕೋರ್ಟಿನ ಮೆಟ್ಟಿಲು ಹತ್ತುವಂತಾಗಬಾರದಿತ್ತು. ಯೋಜನೆಯ ಹಂತದಲ್ಲೇ ಆ ಉತ್ತರ ಅವರ ಹಕ್ಕಾಗಬೇಕಿತ್ತು. ಮಂಗಳೂರಿನ ತನಿಖೆ ಇಂಥ ರನ್‌ವೇಗಳ ತುದಿಯಲ್ಲಿ ವಿಮಾನವನ್ನು ತಡೆದು ನಿಲ್ಲಿಸುವ ವ್ಯವಸ್ಥೆ ಬೇಕೆಂದು ಶಿಫಾರಸು ಮಾಡಿತು. 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನ ಟೇಬಲ್‌ಟಾಪ್ ರನ್‌ವೇ ಮೀರಿ ಇನ್ನೊಂದು ವಿಮಾನ ಕೆಳಗೆ ಬಿದ್ದು 21 ಜನ ಸತ್ತಾಗ ಅಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಉತ್ತರ ಕೊಡಬೇಕೆಂದು ವಾದಿಸುವವನು ತನ್ನ ವಾದಕ್ಕೆ ಬರುವ ಆಕ್ಷೇಪಗಳಿಗೂ ಉತ್ತರಿಸಬೇಕು. ಮೊದಲನೆಯದು, ಇದು ತಜ್ಞರ ಕೆಲಸ, ಸಾಮಾನ್ಯರಿಗೆ ಇಲ್ಲಿ ಏನು ಗೊತ್ತು ಎಂಬುದು. ಜಗತ್ತಿನ ತಜ್ಞರ ಅತ್ಯುನ್ನತ ಸಂಸ್ಥೆಯೇ ಹೀಗೆ ಯೋಚಿಸುವುದಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಒಂದು ಮಾನದಂಡವನ್ನು ತಿದ್ದಬೇಕಾದರೆ ಕರಡನ್ನು ತನ್ನ 193 ಸದಸ್ಯ ದೇಶಗಳಿಗೆ ಕಳಿಸಿ, ಅವುಗಳ ಅಭಿಪ್ರಾಯ ಪಡೆದು, ಮತ್ತೆ ಪರಿಶೀಲಿಸಿಯೇ ಅಂಗೀಕರಿಸುತ್ತದೆ. ಇನ್ನು ಇಲ್ಲಿ ಸಾರ್ವಜನಿಕರು ಎಂದರೆ ದಾರಿಹೋಕರಲ್ಲ. ರಾತ್ರಿ ಎರಡು ಗಂಟೆಗೆ ಎಂಜಿನ್ ತಪಾಸಣೆ ಮಾಡುವ ತಂತ್ರಜ್ಞ, ಗೋಪುರದಲ್ಲಿ ಕೂತ ನಿಯಂತ್ರಕ, ಕ್ಯಾಬಿನ್ ಸಿಬ್ಬಂದಿ, ನಿದ್ದೆಯನ್ನು ಅಧ್ಯಯನ ಮಾಡುವ ವೈದ್ಯ, ರನ್‌ವೇ ಬೇಲಿಯಾಚೆ ಮನೆಯಿರುವ ರೈತ, ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವರು. ನಿಯಮ ಬರೆಯುವ ಮೇಜಿಗೆ ಕಾಣದ ಸಂಗತಿ ಇವರಿಗೆ ಕಾಣುತ್ತದೆ. ಬಂದ ಆಕ್ಷೇಪಣೆ ತಪ್ಪಾಗಿದ್ದರೆ ಅದನ್ನು ತಿದ್ದುವ ಉತ್ತರ ನಿಯಮವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ತಜ್ಞರಿಗೆ ಅದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಎರಡನೆಯದು ಕಾಲದ ಆಕ್ಷೇಪ. ಅಪಾಯ ಎದುರಿಗಿರುವಾಗ ಚರ್ಚೆ ಮಾಡುತ್ತ ಕೂರಲಾಗದು ಎನ್ನುತ್ತಾರೆ. ನಿಜ. ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳ ಎರಡು ಅಪಘಾತಗಳಲ್ಲಿ 346 ಜನ ಸತ್ತ ಮೇಲೆ 2019ರ ಮಾರ್ಚ್‌ನಲ್ಲಿ ಅವನ್ನು ನೆಲಕ್ಕಿಳಿಸಲು ಯಾರೂ ಸಾರ್ವಜನಿಕರ ಅಭಿಪ್ರಾಯಕ್ಕೆ ಕಾಯಲಿಲ್ಲ, ಕಾಯಬೇಕಾಗಿಯೂ ಇರಲಿಲ್ಲ. ಆದರೆ ಅವು ಮತ್ತೆ ಹಾರಲು ಏನೇನು ಬದಲಾಗಬೇಕು ಎಂಬ ಕರಡನ್ನು ಅಮೆರಿಕದ ನಿಯಂತ್ರಕ ಸಂಸ್ಥೆ ಎಫ್‌ಎಎ 2020ರ ಆಗಸ್ಟ್‌ನಲ್ಲಿ 45 ದಿನಗಳ ಅಭಿಪ್ರಾಯಕ್ಕೆ ಇಟ್ಟಿತು. ಪೈಲಟ್‌ಗಳು, ಎಂಜಿನಿಯರ್‌ಗಳು, ಸತ್ತವರ ಕುಟುಂಬದವರು ಬರೆದರು. ನವೆಂಬರಿನ ಅಂತಿಮ ಆದೇಶದಲ್ಲಿ ಆ ಅಭಿಪ್ರಾಯಗಳನ್ನು ವಿಷಯವಾರು ಎತ್ತಿಕೊಂಡು, ಇದನ್ನು ಒಪ್ಪಿದ್ದೇವೆ, ಇದನ್ನು ಈ ಕಾರಣಕ್ಕೆ ಒಪ್ಪಿಲ್ಲ ಎಂದು ಬರೆಯಲಾಯಿತು. ಅಪಾಯ ತಡೆಯುವ ಆಜ್ಞೆಗೆ ಅವಸರ ಸಲ್ಲುತ್ತದೆ. ಅಪಾಯವನ್ನು ಮರಳಿ ಒಪ್ಪಿಕೊಳ್ಳುವ ತೀರ್ಮಾನಕ್ಕೆ ಸಲ್ಲದು. ನಮ್ಮಲ್ಲಿ ಇದು ತಿರುವುಮುರುವಾಗಿದೆ. ವಿಶ್ರಾಂತಿ ಹೆಚ್ಚಿಸುವ ನಿಯಮ ಬರಲು ವರ್ಷಗಳು ಹಿಡಿದವು. ಅದರ ಒಂದು ಷರತ್ತನ್ನು ತೆಗೆಯಲು ಒಂದು ದಿನ ಸಾಕಾಯಿತು.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಸಮಾಲೋಚನೆ ಎಂದರೆ ಹಣ, ವಕೀಲರು, ಸಮಯ ಇದ್ದವರ ವೇದಿಕೆ; ಅಲ್ಲಿ ಉದ್ಯಮದ ದನಿಯೇ ಗೆಲ್ಲುತ್ತದೆ ಎನ್ನುತ್ತಾರೆ. ಇದಕ್ಕೆ ಪುರಾವೆಯೂ ಇದೆ. 2021ರ ಮಾರ್ಚ್‌ನಲ್ಲಿ ಬಂದ ಡ್ರೋನ್ ನಿಯಮಗಳಿಗೆ ಉದ್ಯಮದಿಂದ ವಿರೋಧ ಬಂದಾಗ ಸರ್ಕಾರ ಜುಲೈಯಲ್ಲಿ ಹೊಸ ಕರಡು ಪ್ರಕಟಿಸಿ, ಆಗಸ್ಟ್ 25ಕ್ಕೆ ಅಂತಿಮಗೊಳಿಸಿತು; 25 ಅರ್ಜಿ ನಮೂನೆಗಳು 5 ಆದವು, 72 ಬಗೆಯ ಶುಲ್ಕಗಳು 4 ಆದವು. ಕೇಳಬೇಕೆಂದರೆ ಎಷ್ಟು ಬೇಗ ಕೇಳಬಹುದು ಎನ್ನುವುದಕ್ಕೆ ಇದು ಒಳ್ಳೆಯ ನಿದರ್ಶನ; ಯಾರ ಮಾತು ಬೇಗ ಮುಟ್ಟುತ್ತದೆ ಎನ್ನುವುದಕ್ಕೂ ನಿದರ್ಶನ. ಆದರೆ ಸಮಾಲೋಚನೆಯನ್ನು ತೆಗೆದುಹಾಕಿದರೆ ಬಲಿಷ್ಠರ ಪ್ರಭಾವ ಹೋಗುವುದಿಲ್ಲ, ಮುಚ್ಚಿದ ಬಾಗಿಲಿನ ಹಿಂದಕ್ಕೆ ಸರಿಯುತ್ತದೆ. ಅಮೆರಿಕದ ಅನುಭವ ಇಲ್ಲಿ ಉಪಯುಕ್ತ. 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ 2011ರ ಡಿಸೆಂಬರಿನಲ್ಲಿ ಬಂತು. ಖರ್ಚು ಲಾಭಕ್ಕಿಂತ ಹೆಚ್ಚು ಎಂಬ ಕಾರಣ ಕೊಟ್ಟು ಸರಕು ವಿಮಾನಗಳನ್ನು ಅದರಿಂದ ಹೊರಗಿಟ್ಟರು. ಆ ಕಾರಣ ಅಂಕಿ ಸಮೇತ ಅಚ್ಚಾಗಿದ್ದರಿಂದ ಸರಕು ಪೈಲಟ್‌ಗಳ ಸಂಘ ಅದನ್ನೇ ಹಿಡಿದು ಕೋರ್ಟಿಗೆ ಹೋಯಿತು. ಲೆಕ್ಕದಲ್ಲಿ ತಪ್ಪಿದೆಯೆಂದು ಎಫ್‌ಎಎ ಒಪ್ಪಿ, ಲೆಕ್ಕವನ್ನು ಮತ್ತೆ ಮಾಡಬೇಕಾಯಿತು. ತೀರ್ಮಾನ ಬದಲಾಗಲಿಲ್ಲ ನಿಜ. ಆದರೂ ಜಗಳ ಎಲ್ಲಿದೆ ಎಂಬುದು ಎಲ್ಲರಿಗೂ ತಿಳಿಯಿತು, ಇಂದಿಗೂ ಅದನ್ನು ಮುಂದುವರಿಸಲು ಆಧಾರ ಉಳಿಯಿತು. ದುರ್ಬಲರಿಗೆ ಲಿಖಿತ ಕಾರಣಕ್ಕಿಂತ ದೊಡ್ಡ ಆಯುಧವಿಲ್ಲ.

ಆ ಆಯುಧ ಅವರ ಕೈಗೆ ಸಿಗಬೇಕಾದರೆ ಕರಡು ಅವರ ಭಾಷೆಯಲ್ಲಿರಬೇಕು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು, ನೆಲದ ಮೇಲಿದ್ದವರೂ ಸೇರಿ 260 ಜನ ಸತ್ತರು. ಆರು ದಿನಗಳ ನಂತರ, ನಿಲ್ದಾಣಗಳ ಸುತ್ತ ಎತ್ತರದ ಮಿತಿ ಮೀರಿದ ಕಟ್ಟಡ ಮತ್ತು ಮರಗಳನ್ನು ತೆರವು ಮಾಡುವ ಕರಡು ನಿಯಮಗಳು ಹೊರಬಿದ್ದವು. ಆಕ್ಷೇಪಣೆಗೆ ಇದ್ದದ್ದು 20 ದಿನ. ಉದ್ದೇಶ ಸರಿಯಾದದ್ದೇ. ಆದರೆ ಬಜ್ಪೆ ನಿಲ್ದಾಣದ ಪಕ್ಕದ ಕೆಂಜಾರಿನ ಮನೆಯವರಿಗೋ ದೇವನಹಳ್ಳಿಯ ತೋಟದವರಿಗೋ ತಮ್ಮ ಮನೆ, ಮರಗಳ ಮೇಲೆ ಬರುವ ನಿಯಮ ಹಿಂದಿ ಮತ್ತು ಇಂಗ್ಲಿಷಿನ ರಾಜ್ಯಪತ್ರದಲ್ಲಿ ಬಂದಿದೆ ಎಂದು 20 ದಿನದೊಳಗೆ ಗೊತ್ತಾಗುವುದಾದರೂ ಹೇಗೆ? ಅನುವಾದ ಅಸಾಧ್ಯ ಎಂಬ ಉತ್ತರವನ್ನು ನ್ಯಾಯಾಲಯಗಳು ಸುಲಭವಾಗಿ ಒಪ್ಪಿಲ್ಲ. ಪರಿಸರ ಪರಿಣಾಮ ಅಂದಾಜಿನ 2020ರ ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಲು ದೆಹಲಿ ಹೈಕೋರ್ಟ್ ಆದೇಶಿಸಿತು. ಸ್ಥಳೀಯ ಭಾಷೆಗಳಲ್ಲಿ ಪ್ರಚಾರ ಸಾಲದೆಂಬ ದೂರಿನ ಮೇಲೆ ಕರ್ನಾಟಕ ಹೈಕೋರ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ನೀಡಿತು.

ಹಾಗಾದರೆ ಆಗಬೇಕಾದದ್ದೇನು? ನಾನು ನಾಲ್ಕು ಬದಲಾವಣೆಗಳನ್ನು ಮುಂದಿಡುತ್ತೇನೆ. ಸುರಕ್ಷತೆಯ ನಿಯಮದ ಪ್ರತಿ ಕರಡಿನ ಜೊತೆಗೂ ಯಾಕೆ ಈ ಬದಲಾವಣೆ, ಯಾರಿಗೆ ಎಷ್ಟು ಹೊರೆ ಎಂಬ ಟಿಪ್ಪಣಿ ಇರಬೇಕು. ಅಂತಿಮ ನಿಯಮದ ಜೊತೆಗೆ ಮುಖ್ಯ ಆಕ್ಷೇಪಣೆಗಳಿಗೆ ಉತ್ತರದ ದಾಖಲೆ ಪ್ರಕಟವಾಗಬೇಕು. ಅದಿಲ್ಲದೆ ನಿಯಮ ಜಾರಿಗೆ ಬರಬಾರದು. ಮುಂದೂಡಿಕೆ, ಸಡಿಲಿಕೆ, ವಿನಾಯಿತಿಗಳೂ ಇದೇ ಶಿಸ್ತಿಗೆ ಒಳಪಡಬೇಕು. ತುರ್ತಿನಲ್ಲಿ ಕೊಟ್ಟ ವಿನಾಯಿತಿಗೆ ಕೆಲವೇ ದಿನಗಳಲ್ಲಿ ಕಾರಣ ಬರೆಯಬೇಕು. ಕರಡಿನ ಸಾರಾಂಶ ಕನ್ನಡವೂ ಸೇರಿ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಲ್ಲಿ ಬರಬೇಕು. ಇವುಗಳಲ್ಲಿ ಯಾವುದೂ ಹೊಸ ಕಲ್ಪನೆಯಲ್ಲ. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಅಭಿಪ್ರಾಯ ಮತ್ತು ಉತ್ತರಗಳ ದಾಖಲೆಯನ್ನು ಪ್ರಕಟಿಸುವ ಪದ್ಧತಿ ಇಟ್ಟುಕೊಂಡಿದೆ. ಮೊಬೈಲ್ ಕರೆ ಕಡಿತಕ್ಕೆ (ಕಾಲ್ ಡ್ರಾಪ್) ಪರಿಹಾರ ಕೊಡಿಸುವ ನಿಯಮವನ್ನು ರದ್ದುಮಾಡಿದ 2016ರ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್, ಅಮೆರಿಕದ 1946ರ ಆಡಳಿತ ವಿಧಾನ ಕಾಯ್ದೆಯ ಮಾದರಿಯಲ್ಲಿ ಸಂಸತ್ತು ಒಂದು ಕಾನೂನು ಮಾಡಬೇಕೆಂದು ಸಲಹೆ ಕೊಟ್ಟಿತು. ಆ ಸಲಹೆ ಇನ್ನೂ ಸಲಹೆಯಾಗಿಯೇ ಇದೆ. ಅದು ಕಾನೂನಾಗುವವರೆಗೆ ಕಾಯಬೇಕಾಗಿಯೂ ಇಲ್ಲ. 133ಎ ನಿಯಮಕ್ಕೆ, ಪ್ರತಿ ತೀರ್ಮಾನವನ್ನೂ ದಾಖಲಿಸಿ ವಿವರಿಸಬೇಕು ಎಂದು ದರ ನಿಗದಿಯ ಕಾಯ್ದೆಯಲ್ಲಿ ಆಗಲೇ ಇರುವ ಒಂದು ವಾಕ್ಯವನ್ನು ಸೇರಿಸಿದರೆ ಮೊದಲ ಹೆಜ್ಜೆ ಇಟ್ಟಂತಾಯಿತು. ಪ್ರಯಾಣಿಕನ ದುಡ್ಡಿನ ಬಗ್ಗೆ ತೀರ್ಮಾನಿಸುವಾಗ ಕಾರಣ ಬರೆಯಬೇಕೆಂದು ಈ ದೇಶದ ಶಾಸನ 2008ರಲ್ಲೇ ಒಪ್ಪಿದೆ. ಅವನ ಪ್ರಾಣದ ಬಗ್ಗೆ ತೀರ್ಮಾನಿಸುವಾಗಲೂ ಬರೆಯಬೇಕೆಂದು ನಾವು ಕೇಳಬೇಕು. ಮುಂದಿನ ಕರಡಿಗೆ ಆಕ್ಷೇಪಣೆ ಕಳಿಸುವ ಪ್ರತಿಯೊಬ್ಬರೂ, ನಮ್ಮ ಸಂಸದರೂ, ಇದನ್ನು ಮೊದಲ ಬೇಡಿಕೆಯಾಗಿ ಇಡಬೇಕು.